ಆಪರೇಷನ್ ಆದ ಮರುದಿನಾನ ಎಬ್ಬಸ್ರಿ!

ನಮಸ್ಕಾರ್ರೀ. ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: "ಸೊಂಟದ ಎಲುಬು ಮುರದ ಮುದುಕಿನ ಮರುದಿನಾನ ಎಬ್ಬಸು ಅಂತೀರಲ್ಲ, ಕರುಣಾ ಐತೇನು ನಿಮಗ? ಮೂರು ತಿಂಗಳು ಮಲಗಿಸಬೇಕು."

ಐತ್ರೀ, ಅದಕ್ಕ ಹೇಳಾಕತ್ತೀನಿ. ಎಲುಬಿಗೆ ರಾಡ್ ಹಾಕಿರ್ಲಿ, ಸೊಂಟದ ಕೀಲಿನ ಬಾಲ್ (ಗುಂಡು) ಬದಲಿ ಮಾಡಿರ್ಲಿ, ಆ ಆಪರೇಷನ್ ಮಾಡಿದ್ದ ಆಕಿ ಎದ್ದು ನಿಂದ್ರಲಿ ಅಂತ. ಡಾಕ್ಟರ್ ಚೀಟಿಯೊಳಗ "ಭಾರ ಹಾಕಬ್ಯಾಡ" ಅಂತ ಬರದಿದ್ರ ಅದು ಬ್ಯಾರೆ ಮಾತು. ಇಲ್ಲಂದ್ರ ಎಬ್ಬಸ್ರಿ. ಅಂಗಾತ ಮಲಗಿದ್ರ ಕಫ ಪುಪ್ಪುಸದ ತಳಕ್ಕ ಕುಂತು ನ್ಯುಮೋನಿಯಾ, ಮೀನಗಂಡದಾಗ ರಕ್ತ ಹೆಪ್ಪುಗಟ್ಟೂದು, ಹಿಮ್ಮಡಕ್ಕ ಹುಣ್ಣು.

"ನೋವಾಕೈತಿ." ಹೌದು, ಆಕೈತಿ! ಏಳಸೂದಕ್ಕ ಅರ್ಧ ತಾಸು ಮೊದಲ ನೋವಿನ ಗುಳಗಿ ಕೊಡ್ರಿ. ಆಮ್ಯಾಲ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಎರಡು-ಮೂರು ನಿಮಿಷ ಕುಂದ್ರಸ್ರಿ, ಬಿಪಿ ಇಳದು ತಲಿ ತಿರಗಿದ್ರ ಅಲ್ಲೇ ಗೊತ್ತಾಕೈತಿ. ಬಗಲಿಗೆ ಕೈ ಹಾಕಿ ಎಳಿಬ್ಯಾಡ್ರಿ. ವಾಕರ್ ಹಿಡಿಕಿ ಮಣಿಕಟ್ಟಿನ ಎತ್ತರಕ್ಕ ಇರಲಿ. ಮೊದಲು ವಾಕರ್ ಮುಂದ, ಆಮ್ಯಾಲ ಮುರದ ಕಾಲು, ಕಡೀಗೆ ಚೊಲೋ ಕಾಲು. ಮೊದಲ ದಿನ ನಾಕು ಹೆಜ್ಜಿ ಸಾಕು.

"ಉಚ್ಚಿ ಪೈಪ್ ಇರಲಿ ಬಿಡ್ರಿ, ನಮಗ ಅನುಕೂಲ." ನಿಮಗ ಅನುಕೂಲ, ಸೋಂಕಿಗೂ ಅನುಕೂಲ! ಒಂದೆರಡು ದಿನದಾಗ ತಗಸಾಕ ಕೇಳ್ರಿ, ಪ್ಲಾಸ್ಟಿಕ್ ಕಮೋಡ್ ಕುರ್ಚಿ ತರ್ರಿ. ಬಾಲ್ ಬದಲಿ ಮಾಡಿದವರು ನೆಲದ ಮ್ಯಾಲ ಚಕ್ಕಳಮಕ್ಕಳ ಕುಂದ್ರಬಾರದು, ಕುಕ್ಕರಗಾಲು ಅಂತೂ ಬ್ಯಾಡ.

ಲೈಕ್ ಒತ್ತಿರೇನು? ಒತ್ತ್ರಿ, ಅದಕ್ಕ ರೊಕ್ಕ ಬೀಳೂದಿಲ್ಲ.

ರಕ್ತ ಹೆಪ್ಪುಗಟ್ಟಬಾರದಂತ ಹೊಟ್ಟಿಗೆ ಚುಚ್ಚೋ ಇಂಜೆಕ್ಷನ್ ಡಿಸ್ಚಾರ್ಜ್ ದಿನಾನ ನಿಲ್ಲಸ್ತಾರ ಭಾಳ ಮಂದಿ. ಸಾಮಾನ್ಯವಾಗಿ ಅದು 28ರಿಂದ 35 ದಿನದ ಕೋರ್ಸ್, ಚೀಟಿ ನೋಡ್ರಿ. ಮೀನಗಂಡ ಬಾತಿತ್ತಂದ್ರ ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ! ಹೆಪ್ಪು ಕಿತ್ತು ಪುಪ್ಪುಸಕ್ಕ ಹೋಗಬಹುದು. ಬಾವು ಬಂದ್ರ, ದಮ್ಮು ಹತ್ತಿದ್ರ, ನೆಟ್ಟಗ ಆಸ್ಪತ್ರಿಗೆ.

ಇನ್ನು ಊಟ. ಬರೇ ಗಂಜಿ! 50 ಕೇಜಿ ಮನುಷ್ಯಾಗ ದಿನಕ್ಕ ಸುಮಾರು 60 ಗ್ರಾಂ ಪ್ರೋಟೀನ್ ಬೇಕು, ಒಂದು ತತ್ತಿಯೊಳಗ ಇರೂದು 6 ಗ್ರಾಂ. ಬ್ಯಾಳಿ, ಮೊಸರು, ಶೇಂಗಾಪುಡಿ, ತತ್ತಿ, ಎಲ್ಲಾ ಬರಲಿ. ಕಿಡ್ನಿ ತೊಂದ್ರಿ ಇದ್ರ ಡಾಕ್ಟರ್‌ನ ಕೇಳ್ರಿ. ಉಚ್ಚಿಗೆ ಏಳಸಬೇಕಾಕೈತಿ ಅಂತ ನೀರು ಕಡಿಮಿ ಕೊಡ್ತಾರ, ಅದೂ ಕೊಪ್ಪಳದ ಬ್ಯಾಸಗಿಯೊಳಗ. ರಾತ್ರಿ ಅಜ್ಜಿ ಬಡಬಡಿಸಿದ್ರ "ಗಾಳಿ ಹೊಕ್ಕೈತಿ" ಅಂತಾರ. ಗಾಳಿ ಅಲ್ರೀ, ನೀರಿಲ್ಲ, ನಿದ್ದಿ ಇಲ್ಲ, ಚಾಳೀಸ ನೀವ ತಗದು ಟ್ರಂಕಿನಾಗ ಇಟ್ಟೀರಿ!

ಇಷ್ಟೆಲ್ಲಾ ಮಾಡಿದ ಮ್ಯಾಲ ಕುಷ್ಟಗಿ, ಕಾರಟಗಿ ಬೀಗರು ಬಿಸ್ಕೀಟ್ ಪುಡಿಕಿ ಹಿಡ್ಕೊಂಡು ಬರ್ತಾರ: "ಮಕ್ಕೋ ಬೇ ಯವ್ವಾ, ಏಳಬ್ಯಾಡ." ಅವರನ್ನ ಮೊದಲು ಎಬ್ಬಸಿ ಬಸ್ ಸ್ಟ್ಯಾಂಡಿಗೆ ಕಳಸ್ರಿ!

"ರಾಡ್ ಮುರದ್ರ?" ಎಬ್ಬಸ್ರಿ. "ವಯಸ್ಸು ಎಂಬತ್ತೈದು." ಎಬ್ಬಸ್ರಿ. "ಅಮಾಸಿ ಐತಿ." ಅಮಾಸಿಗೇನು ಎಲುಬಿನ ಡಾಕ್ಟರ್ ಡಿಗ್ರಿ ಐತೇನು? ಎಬ್ಬಸ್ರಿ! ಮುಂದಿನ ವಾರ ಮೊಣಕಾಲು, ಚಾನಲ್ ಸಬ್‌ಸ್ಕ್ರೈಬ್ ಮಾಡ್ರಿ, ಆ ಕಾಮೆಂಟ್ ಹಾಕಿದವರೂ ಮಾಡ್ರಿ.