ಹಳಿ ಇದೆ, ರೈಲೂ ಇದೆ, ಊರು ಮಾತ್ರ ಇಲ್ಲ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಒಗೆಮಾ ಸ್ಟೇಷನ್. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ, ರಿಜೈನಾ ನಗರದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಸ್ಟೇಷನ್ ಚೆನ್ನಾಗಿದೆ ಅಲ್ವಾ? ಆದರೆ ಇದು ಈ ಊರಿನದಲ್ಲ! ಇಲ್ಲಿದ್ದ ಹಳೇ ಸ್ಟೇಷನ್ ಯಾವತ್ತೋ ಹೋಯಿತು. ಅದೇ ನಕ್ಷೆಯಲ್ಲಿ ಕಟ್ಟಿದ್ದ ಇನ್ನೊಂದು ಸಿಂಪ್ಸನ್ ಎಂಬ ಊರಿನ ಕಡೆ ಉಳಿದಿತ್ತು. ಅದನ್ನು ಇಡಿಯಾಗಿ ಎತ್ತಿ ತಂದು ಇಲ್ಲಿ ಕೂರಿಸಿದ್ದಾರೆ. ಸುಮಾರು ನಾನೂರು ಜನ ಇರುವ ಊರು ಮಾಡಿದ ಕೆಲಸ ಇದು.

ಇಲ್ಲಿಂದ ಹೊರಡುವ ರೈಲಿನ ಹೆಸರು ಸದರ್ನ್ ಪ್ರೇರಿ ರೈಲ್ವೆ. 2012ರಿಂದ ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ಓಡುತ್ತಿದೆ. ಬೋಗಿ 1922ರದ್ದು, ಪುಲ್‌ಮನ್ ಕಂಪನಿ ಕಟ್ಟಿದ್ದು. ಎಂಜಿನ್ 1945ರದ್ದು, ಅಮೆರಿಕದಿಂದ ಬಂದದ್ದು, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪುಟ್ಟ ಡೀಸೆಲ್. ಹೊಗೆ ಬಿಡುವ ಸ್ಟೀಮ್ ಎಂಜಿನ್ ನೋಡೋಣ ಅಂತ ಬಂದವರ ಮುಖ ಇಲ್ಲಿ ಸ್ವಲ್ಪ ಬಾಡುತ್ತದೆ. ಬಾಡಬೇಕಿಲ್ಲ, ಇದರ ಕಥೆಯೇ ಬೇರೆ.

ಈ ಜಾತಿಯ ಎಂಜಿನ್‌ಗೆ 44-ಟನ್ನರ್ ಅಂತ ಹೆಸರು. 44 ಟನ್ನೇ ಯಾಕೆ? 1937ರಲ್ಲಿ ಅಮೆರಿಕದ ರೈಲ್ವೆ ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಒಂದು ಒಪ್ಪಂದ ಆಯಿತು. ಎಂಜಿನ್ ತೂಕ 90,000 ಪೌಂಡ್ ಮುಟ್ಟಿದರೆ ಡ್ರೈವರ್ ಜೊತೆ ಫೈರ್‌ಮ್ಯಾನ್, ಅಂದರೆ ಸ್ಟೀಮ್ ಕಾಲದಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ಸಹಾಯಕ, ಕೂಡ ಇರಲೇಬೇಕು. ಅಲ್ಲಿಯ ಲೆಕ್ಕದಲ್ಲಿ ಟನ್ನಿಗೆ 2,000 ಪೌಂಡ್. 44 ಟನ್ ಅಂದರೆ 88,000. ಒಬ್ಬರ ಸಂಬಳ ಉಳಿಸೋಕೆ ಅಳೆದು ತೂಗಿ ಮಾಡಿದ ಎಂಜಿನ್! ಒಳಗೆ ಎರಡು ಡೀಸೆಲ್ ಮೋಟರ್, ಎರಡೂ ಸೇರಿ 380 ಅಶ್ವಶಕ್ತಿ. ಡ್ರೈವರ್ ಕೂರುವ ಕ್ಯಾಬ್ ನಟ್ಟನಡುವೆ, ಮುಂದೊಂದು ಮೂತಿ, ಹಿಂದೊಂದು ಮೂತಿ. ಯಾವ ಕಡೆ ಹೊರಟಿದೆ ಅಂತ ನೋಡಿದ ತಕ್ಷಣ ಹೇಳೋಕಾಗಲ್ಲ.

ರೈಲು ಪಶ್ಚಿಮಕ್ಕೆ ಹೊರಟಿದೆ. ಕಿಟಕಿಯಾಚೆ ಬರೀ ಹೊಲ. ಗೋಧಿ, ಎಣ್ಣೆ ತೆಗೆಯುವ ಕನೋಲ, ಮಸೂರ್. ಹೌದು, ಭಾರತದ ಅಡುಗೆಮನೆಗೆ ಬರುವ ಮಸೂರ್ ಬೇಳೆಯಲ್ಲಿ ಒಂದಷ್ಟು ಈ ಪ್ರಾಂತ್ಯದ್ದೇ. ಸ್ವಲ್ಪ ಹೊತ್ತಿನಲ್ಲೇ ಹೊರೈಜನ್ ಬಂತು. ಬಂತು ಅನ್ನೋದಕ್ಕೆ ಇಲ್ಲಿ ಊರು ಇರಬೇಕಲ್ಲ? ಒಂದು ಕಾಲದಲ್ಲಿ ಮನೆ, ಅಂಗಡಿ ಎಲ್ಲ ಇದ್ದ ಊರು. ಈಗ ಎದ್ದು ಕಾಣುವುದು ಮರದ ಒಂದು ದೊಡ್ಡ ಕಟ್ಟಡ, ಧಾನ್ಯ ತುಂಬುವ ಎಲಿವೇಟರ್.

ಬನ್ನಿ, ಒಳಗೆ ಹೋಗೋಣ. ಗೋಡೆ ನೋಡಿ. ಹಲಗೆಗಳನ್ನು ನಿಲ್ಲಿಸಿಲ್ಲ, ಒಂದರ ಮೇಲೊಂದು ಮಲಗಿಸಿ ಮೊಳೆ ಹೊಡೆದಿದ್ದಾರೆ. ಧಾನ್ಯ ತುಂಬಿದಾಗ ಅದು ಪಕ್ಕಕ್ಕೆ ಒತ್ತುತ್ತದೆ, ಆ ಒತ್ತಡ ತಡೆಯೋಕೆ ಈ ಕಟ್ಟು. ಗಾಡಿ ಒಳಗೆ ಬಂದು ತಕ್ಕಡಿಯ ಮೇಲೆ ನಿಲ್ಲುತ್ತಿತ್ತು. ತೂಕ ಆದ ಮೇಲೆ ಧಾನ್ಯ ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಉದ್ದದ ಬೆಲ್ಟಿಗೆ ಜೋಡಿಸಿದ ಬಟ್ಟಲುಗಳು ಅದನ್ನು ತುದಿಯವರೆಗೆ ಹೊತ್ತುಕೊಂಡು ಹೋಗಿ ಬೇಕಾದ ಕಣಜಕ್ಕೆ ಸುರಿಯುತ್ತಿದ್ದವು. ಅಲ್ಲಿಂದ ಕೊಳವೆಯಲ್ಲಿ ಇಳಿದು ನೇರ ರೈಲು ವ್ಯಾಗನ್ನಿಗೆ. ರೈಲು ಪ್ರಿಯರು ಸಾಮಾನ್ಯವಾಗಿ ಎಂಜಿನ್ ಫೋಟೋ ಹೊಡೆದುಕೊಂಡು ವಾಪಸ್ ಹೋಗುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ಇದು. ಈ ಹಳಿ ಯಾಕಿದೆ ಅನ್ನೋದು ಅರ್ಥವಾಗುವುದೇ ಇಲ್ಲಿ ನಿಂತಾಗ.

ನಮ್ಮಲ್ಲಿ ಊರು ಮೊದಲು, ರೈಲು ಆಮೇಲೆ. ಇಲ್ಲಿ ಉಲ್ಟಾ. ಹಾಗಂತ ಇದು ಯಾರೂ ಇಲ್ಲದ ನೆಲವಾಗಿರಲಿಲ್ಲ. ಕ್ರೀ ಮತ್ತಿತರ ಮೂಲನಿವಾಸಿಗಳ ನೆಲ, ಅವರಿಗೂ ಸರ್ಕಾರಕ್ಕೂ 1874ರಲ್ಲಿ ಆದ ನಾಲ್ಕನೇ ಟ್ರೀಟಿಯ, ಅಂದರೆ ಒಪ್ಪಂದದ, ಪ್ರದೇಶ. ಆಮೇಲೆ ಬಂದ ರೈಲ್ವೆ ಕಂಪನಿಗಳು ಹಳಿ ಹಾಕಿ, ಸುಮಾರು 12ರಿಂದ 16 ಕಿಲೋಮೀಟರಿಗೊಂದು ಊರು ಗುರುತು ಮಾಡಿದವು. ಕುದುರೆ ಗಾಡಿಯಲ್ಲಿ ಧಾನ್ಯ ತಂದ ರೈತ ಕತ್ತಲಾಗುವುದರೊಳಗೆ ಮನೆ ಸೇರಬೇಕು, ಅಷ್ಟೇ ಲೆಕ್ಕ.

ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿಯಂತೂ ಊರಿಗೆ ಹೆಸರಿಡೋಕೂ ತಲೆ ಕೆಡಿಸಿಕೊಳ್ಳಲಿಲ್ಲ. ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಸಾಲಾಗಿ ಇಟ್ಟುಕೊಂಡು ಹೋಯಿತು. ಸಸ್ಕಟೂನ್ ನಗರದ ಕಡೆ ಹೋಗುವ ದಾರಿಯಲ್ಲಿ ವಾಟ್ರಸ್ (W), ಝೀನಾ (X), ಯಂಗ್ (Y), ಝೆಲ್ಮಾ (Z). ಅಕ್ಷರ ಮುಗಿಯಿತಲ್ಲ, ಮತ್ತೆ ಮೊದಲಿಂದ: ಆಲನ್, ಬ್ರಾಡ್‌ವೆಲ್, ಕ್ಲಾವೆಟ್. ಇದೇ ಹಾದಿಯ ಮೆಲ್ವಿಲ್‌ಗೆ ಮಾತ್ರ ಕಂಪನಿಯ ಅಧ್ಯಕ್ಷ ಚಾರ್ಲ್ಸ್ ಮೆಲ್ವಿಲ್ ಹೇಸ್ ಹೆಸರು. ಅವರು 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿದರು. ಕಂಪನಿಯೂ ಜಾಸ್ತಿ ದಿನ ಬಾಳಲಿಲ್ಲ.

ಲಾರಿ ಬಂದ ಮೇಲೆ ಕುದುರೆ ಗಾಡಿಯ ಲೆಕ್ಕ ಯಾರಿಗೆ ಬೇಕು? 1930ರ ದಶಕದಲ್ಲಿ ಈ ಬಯಲು ಪ್ರಾಂತ್ಯಗಳಲ್ಲಿ 5,700ಕ್ಕೂ ಹೆಚ್ಚು ಎಲಿವೇಟರ್ ಇದ್ದವು. ಈಗ ಅಲ್ಲೊಂದು ಇಲ್ಲೊಂದು ದೊಡ್ಡ ಕಾಂಕ್ರೀಟ್ ಟರ್ಮಿನಲ್, ಅಲ್ಲಿಗೆ ನೂರು ವ್ಯಾಗನ್ನಿನ ಗೂಡ್ಸ್ ಬರುತ್ತದೆ. ಧಾನ್ಯ ಸಾಗಣೆಯ ಸರ್ಕಾರಿ ಸಬ್ಸಿಡಿ 1995ರಲ್ಲಿ ನಿಂತಿತು. ಬ್ರಾಂಚ್ ಲೈನ್‌ಗಳು ಒಂದೊಂದಾಗಿ ಕಿತ್ತುಹೋದವು. ಎಲಿವೇಟರ್ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಸ್ಕೂಲು. ಗೊಬ್ಬರಕ್ಕೆ ಬಳಸುವ ಪೊಟ್ಯಾಶ್ ಗಣಿ ಸಿಕ್ಕಿದ ಆಲನ್‌ನಂಥ ಊರುಗಳು ಗಟ್ಟಿಯಾಗಿ ನಿಂತವು. ಹೊರೈಜನ್‌ಗೆ ಗಣಿ ಸಿಗಲಿಲ್ಲ.

ಹಾಗಾದರೆ ಈ ಹಳಿ ಹೇಗೆ ಉಳಿಯಿತು? 1999ರಲ್ಲಿ ಈ ಸುತ್ತಿನ ಜನರೇ ದುಡ್ಡು ಹಾಕಿ, ರೆಡ್ ಕೋಟ್ ರೋಡ್ ಅಂಡ್ ರೈಲ್ ಅಂತ ಕಂಪನಿ ಮಾಡಿಕೊಂಡು ಲೈನನ್ನು ಕೊಂಡುಕೊಂಡರು. ಹಳೇದರ ಮೇಲಿನ ಪ್ರೀತಿಗೆ ಅಲ್ಲ ಸ್ವಾಮಿ, ತಮ್ಮ ಬೆಳೆ ಸಾಗಿಸೋಕೆ. ಹಳಿ ಉಳಿದಿದ್ದಕ್ಕೆ ಈ ಎಂಜಿನ್ ಓಡುತ್ತಿದೆ. ಓಡೋಕೆ ಹಳಿ ಇಲ್ಲದೆ ಪಾರ್ಕಿನಲ್ಲಿ ಬಣ್ಣ ಬಳಿದುಕೊಂಡು ನಿಂತ ಎಂಜಿನ್‌ಗಳನ್ನೂ ನಾನು ಆಸೆಯಿಂದಲೇ ನೋಡುತ್ತೇನೆ. ಆದರೂ ಈ ಸದ್ದು ಅಲ್ಲಿ ಕೇಳಿಸಲ್ಲ.

ಬರಬೇಕು ಅನ್ನೋರಿಗೆ ಒಂದು ಮಾತು. ರಿಜೈನಾ ಈ ಪ್ರಾಂತ್ಯದ ರಾಜಧಾನಿ, ಆದರೆ 1990ರಿಂದ ಅಲ್ಲಿಗೆ ಪ್ಯಾಸೆಂಜರ್ ರೈಲೇ ಇಲ್ಲ. 1946ರಲ್ಲಿ ಶುರುವಾಗಿದ್ದ ಸರ್ಕಾರಿ ಬಸ್ ಕಂಪನಿಯನ್ನು 2017ರ ಮೇನಲ್ಲಿ ಮುಚ್ಚಿದರು. ಹಾಗಾಗಿ ಈ ರೈಲು ಹತ್ತಬೇಕು ಅಂದರೆ ಕಾರಿನಲ್ಲೇ ಬರಬೇಕು. ಓಡುವ ದಿನ ಮೊದಲೇ ನೋಡಿಕೊಂಡು ಟಿಕೆಟ್ ಬುಕ್ ಮಾಡಿ, ಟ್ಯಾಂಕ್ ರಿಜೈನಾದಲ್ಲೇ ತುಂಬಿಸಿಕೊಳ್ಳಿ.