‘ಅಡ್ಡಿಲ್ಲ’ ಅಂದವರ ಉಸಿರು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಉತ್ತರ ಕನ್ನಡದವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ, ‘ಅಡ್ಡಿಲ್ಲ’. ಊಟ ಹೇಗಿತ್ತು? ಅಡ್ಡಿಲ್ಲ. ಈ ಸಲ ಮಳೆ? ಅಡ್ಡಿಲ್ಲ. ಹೊಟ್ಟೆಯ ಆಪರೇಶನ್ ಆದ ಮರುದಿನ ಕೇಳಿದರೂ ಅದೇ. ಇದು ನಮ್ಮಂಥ ನರ್ಸುಗಳಿಗೆ ದೊಡ್ಡ ಪೇಚು. ಹಾಗಾಗಿ ಬಾಯನ್ನು ಕೇಳಿದ ಮೇಲೆ ಮೈಯನ್ನೂ ಕೇಳಬೇಕಾಗುತ್ತದೆ.

ಉಸಿರನ್ನೇ ತಗೊಳ್ಳಿ. ದೊಡ್ಡವರು ಆರಾಮಾಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ‘ಉಸಿರು ಎಣಿಸ್ತೇನೆ’ ಅಂತ ಹೇಳಿದರೋ, ಕೆಟ್ಟಿತು, ಅದರ ಗತಿಯೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸುತ್ತೇವೆ. ಇವತ್ತು ರೇಡಿಯೋದಲ್ಲಿ ಗುಟ್ಟು ಬಿಟ್ಟುಕೊಟ್ಟೆ ನೋಡಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಣಿಸದೆ ಸುಮ್ನೆ 18 ಅಂತ ಬರೆದದ್ದುಂಟು. ಸಾಲಿನಲ್ಲಿ ಮಲಗಿದವರಿಗೆಲ್ಲ 18! ಅಂಥ ಒಂದು ರಾತ್ರಿ ಹಿರಿಯ ಸಿಸ್ಟರ್ ರೌಂಡಿಗೆ ಬಂದವರು ಆಪರೇಶನ್ ಆಗಿದ್ದ ಒಬ್ಬ ಅಜ್ಜನ ಮಂಚದ ಹತ್ತಿರ ನಿಂತುಬಿಟ್ಟರು. “ಇವರ ಉಸಿರು ಎಣಿಸಿದ್ಯಾ?” ಅಂದರು. ನಾನು ಮಾತಾಡಲಿಲ್ಲ. ಎಣಿಸಿದರೆ 28. ನಾಡಿ 116. ಬಿಪಿ ಮಾತ್ರ 110/70, ನೋಡಿದರೆ ಏನೂ ಆಗಿಲ್ಲ ಅನ್ನಬೇಕು. ಡ್ರೆಸ್ಸಿಂಗ್ ಮೇಲೆ ಒಣಗಿಯೇ ಇತ್ತು. ಸಿಸ್ಟರ್ ಗ್ಲೌಸ್ ಹಾಕಿದ ಕೈಯನ್ನು ಅಜ್ಜನ ಬೆನ್ನಿನಡಿ ತೂರಿಸಿ ಹೊರಗೆ ತೆಗೆದರು. ಬೆರಳೆಲ್ಲ ಕೆಂಪು.

ರಕ್ತವೂ ನೀರಿನ ಹಾಗೆ, ಇಳಿಜಾರಿನ ಕಡೆ ಹರಿಯುತ್ತದೆ. ಅಂಗಾತ ಮಲಗಿದವರ ಗಾಯದ ಪಟ್ಟಿ ಮೇಲೆ ಒಣಗಿರುತ್ತದೆ, ಅಡಿಯ ಹಾಸು ಒದ್ದೆ. ಬಿಪಿಯನ್ನು ಕಾಪಾಡಿಕೊಳ್ಳಲು ಮೈ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೃದಯ ಓಡತೊಡಗುತ್ತದೆ. ಬಿಪಿ ಬೀಳುವುದು ಎಷ್ಟೋ ಸಲ ತಡವಾಗಿ. ಉಸಿರು, ನಾಡಿ ಮೊದಲೇ ಚಾಡಿ ಹೇಳಿರುತ್ತವೆ. ಡಾಕ್ಟರು ಓಡಿ ಬಂದರು, ಅಜ್ಜನನ್ನು ಮತ್ತೆ ಥಿಯೇಟರಿಗೆ ಒಯ್ದರು, ಜೀವ ಉಳಿಯಿತು. ಟ್ರಾಲಿಯ ಮೇಲೂ ಅಜ್ಜ “ಅಡ್ಡಿಲ್ಲ ತಂಗಿ” ಅಂದಿದ್ದರು.

ಕವಳ, ಅಂದರೆ ಎಲೆ-ಅಡಿಕೆ, ಹಾಕುವವರದ್ದು ಬೇರೆಯೇ ಕತೆ. ತುಟಿ, ನಾಲಿಗೆ ಕೆಂಪಗಿರುವಾಗ ರಕ್ತ ಕಡಿಮೆಯಾದದ್ದು ತಿಳಿಯುವುದು ಹೇಗೆ? ಕಣ್ಣಿನ ಕೆಳರೆಪ್ಪೆ ಎಳೆದು, ಒಳಗೆ ಬಿಳಿಚಿದೆಯಾ ಅಂತ ನೋಡುತ್ತೇವೆ.

ನೋವಿಗೆ 0ಯಿಂದ 10ರೊಳಗೆ ಅಂಕ ಕೊಡಿ ಅಂತಲೂ ಕೇಳುತ್ತೇವೆ. ನಮ್ಮವರು 2ರ ಮೇಲೆ ಹೋಗುವುದೇ ಕಷ್ಟ. ಆಗ ನಾನು ‘ಒಮ್ಮೆ ಕೆಮ್ಮಿ’ ಅನ್ನುತ್ತೇನೆ. ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಅರ್ಧ ಕೆಮ್ಮನ್ನು ನುಂಗಿಕೊಂಡರೆ, ಅದು 2 ಅಲ್ಲ. ಕಾರವಾರದ ಅಜ್ಜಿಯರಿಗೆ ಕೊಂಕಣಿಯಲ್ಲಿ ‘ಖಂಯ್ ದುಖ್ತಾ?’, ಎಲ್ಲಿ ನೋವು, ಅಂತ ಕೇಳಿದರೆ ಸಾಕು, ಕೈ ತಾನಾಗಿ ನೋವಿನ ಜಾಗಕ್ಕೆ ಹೋಗುತ್ತದೆ. ‘ಗಾಳಿ ಹೋಯ್ತಾ?’ ಅಂತ ಕೇಳಿದಾಗ ಮಾತ್ರ ಎಲ್ಲರೂ ನಗುತ್ತಾರೆ. ನಗಲಿ, ಆದರೆ ಉತ್ತರ ಕೊಡಲಿ. ಹೊಟ್ಟೆಯ ಆಪರೇಶನ್ ಆದವರ ಕರುಳು ಮತ್ತೆ ಕೆಲಸ ಶುರು ಮಾಡಿದ್ದಕ್ಕೆ ಅದೊಂದು ಗುರುತು.

ಜೊತೆಗಿರುವವರು ರಾತ್ರಿ ಎಷ್ಟು ಸಲ ಮೂತ್ರ ಹೋಯಿತು, ಗಂಜಿ ಎಷ್ಟು ಉಳಿಯಿತು ಅಂತ ನಮಗೆ ಹೇಳಿ. ಮತ್ತೆ, ನರ್ಸ್ ಕೈ ಹಿಡಿದು ಸುಮ್ಮನೆ ನಿಂತಿದ್ದರೆ ಆ ಒಂದು ನಿಮಿಷ ‘ಯಾವೂರಮ್ಮ ನಿಂದು?’ ಅಂತ ಮಾತ್ರ ಕೇಳಬೇಡಿ. ಲೆಕ್ಕ ತಪ್ಪುತ್ತದೆ.

ನಮಸ್ಕಾರ.