ಒಬ್ಬನೇ ಸಾಮ್ರಾಟ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ರೋಮನ್ ನಾಣ್ಯಗಳ ಸಂಗ್ರಹದ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ನಿಲಯದವರು ಕೇಳಿದಾಗ, ನಾನು ಒಬ್ಬನೇ ಸಾಮ್ರಾಟನ ವಿಚಾರ ಹೇಳುತ್ತೇನೆ, ಮಿಕ್ಕವರ ಗೊಡವೆಗೆ ಹೋಗುವುದಿಲ್ಲ ಎಂದು ಕರಾರು ಮಾಡಿಕೊಂಡೇ ಬಂದಿದ್ದೇನೆ. ನಾಣ್ಯ ಸಂಗ್ರಹಿಸಲು ಹೊರಟ ಹೊಸಬರು ಆಗಸ್ಟಸ್‌ನದೊಂದು, ನೀರೋನದೊಂದು, ಟ್ರೇಜನ್‌ನದೊಂದು ಎಂದು ಕೂಡಿಸುತ್ತಾ ಹೋಗಿ, ಕೊನೆಗೆ ಯಾರೊಬ್ಬರ ಪರಿಚಯವೂ ಇಲ್ಲದ ಮದುವೆಮನೆಯ ಗುಂಪು ಭಾವಚಿತ್ರದಂಥದ್ದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಒಬ್ಬನನ್ನು ಆರಿಸಿಕೊಳ್ಳಿ, ಅವನನ್ನು ಬಿಡಬೇಡಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ನಾನು ಆರಿಸಿಕೊಂಡವನು ಪ್ರೋಬಸ್. ಈ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಇಂದಿನ ಸರ್ಬಿಯಾ ದೇಶದಲ್ಲಿರುವ ಸಿರ್ಮಿಯಮ್ ಎಂಬ ಪಟ್ಟಣದಲ್ಲಿ ಹುಟ್ಟಿ, ಸೈನ್ಯದಲ್ಲಿ ಮೇಲೆ ಬಂದು, ಕ್ರಿ.ಶ. 276ರಲ್ಲಿ ಸಾಮ್ರಾಟನಾದ ಈತ, 282ರಲ್ಲಿ ಅದೇ ಸಿರ್ಮಿಯಮ್‌ನಲ್ಲಿ ತನ್ನ ಸೈನಿಕರ ಕೈಯಿಂದಲೇ ಸತ್ತನು. ಯುದ್ಧವಿಲ್ಲದ ದಿನಗಳಲ್ಲಿ ಸೈನಿಕರನ್ನು ಸುಮ್ಮನೆ ಕೂರಿಸದೆ ಜೌಗು ನೆಲದ ನೀರು ಬಸಿಯುವ ಕಾಲುವೆ ತೋಡಲು ಹಚ್ಚಿದ್ದರಿಂದ ಅವರು ಸಿಟ್ಟಿಗೆದ್ದರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಇಂದಿನ ಫ್ರಾನ್ಸಿನ ಕಡೆಯ ಗಾಲ್ ಪ್ರಾಂತದವರಿಗೆ ದ್ರಾಕ್ಷಿ ಬೆಳೆಯಲು ಅನುಮತಿ ಕೊಟ್ಟವನೂ ಇವನೇ.

ಆಳಿದ್ದು ಆರೇ ವರ್ಷ. ಆದರೆ ಅಷ್ಟರಲ್ಲಿ ಇವನ ಹೆಸರಿನಲ್ಲಿ ಹೊರಬಂದ ನಾಣ್ಯಗಳ ವೈವಿಧ್ಯವನ್ನು ಕಂಡರೆ ಬೆರಗಾಗುತ್ತದೆ. ಇಂದಿನ ಫ್ರಾನ್ಸಿನ ಲಿಯೋನ್, ಇಟಲಿಯ ರೋಮ್ ಮತ್ತು ಪಾವಿಯಾ, ಕ್ರೊಯೇಷಿಯಾದ ಸಿಸಾಕ್, ಬಲ್ಗೇರಿಯಾದ ಸೋಫಿಯಾ, ಟರ್ಕಿಯಲ್ಲಿ ಸೈಜಿಕಸ್ ಮತ್ತು ಆಂಟಿಯೋಕ್, ಅದರಾಚೆ ಲೆಬನಾನಿನ ಟ್ರಿಪೋಲಿ ಮತ್ತು ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಇಷ್ಟೂ ಊರುಗಳಲ್ಲಿ ಟಂಕಸಾಲೆಗಳು ಇವನಿಗಾಗಿ ದುಡಿದವು. ಒಂದರಲ್ಲಿ ಅವನು ಕಿರಣಗಳ ಕಿರೀಟ ತೊಟ್ಟಿದ್ದರೆ, ಇನ್ನೊಂದರಲ್ಲಿ ಶಿರಸ್ತ್ರಾಣ ಧರಿಸಿ ಭರ್ಜಿ ಗುರಾಣಿ ಹಿಡಿದಿರುತ್ತಾನೆ, ಮತ್ತೊಂದರಲ್ಲಿ ಕಸೂತಿಯ ರಾಜವಸ್ತ್ರ ಹೊದ್ದು ಹದ್ದಿನ ತಲೆಯ ರಾಜದಂಡ ಹಿಡಿದಿರುತ್ತಾನೆ. ಹಿಂಬದಿಯಲ್ಲಿ ನಾಲ್ಕು ಕುದುರೆಗಳ ರಥ ಹೂಡಿದ ಸೂರ್ಯದೇವನಿರಬಹುದು, ಶಾಂತಿದೇವತೆಯಿರಬಹುದು, ಸೈನ್ಯದ ನಿಷ್ಠೆಯನ್ನು ಹೊಗಳುವ ಬರಹವಿರಬಹುದು. ಪಾಪ, ಆ ನಿಷ್ಠೆ ಎಲ್ಲಿಗೆ ಮುಟ್ಟಿತೆಂಬುದನ್ನು ಆಗಲೇ ಹೇಳಿದೆ. 1933ರಲ್ಲಿ ಪರ್ಸಿ ವೆಬ್ ಎಂಬ ವಿದ್ವಾಂಸರು ಸಿದ್ಧಪಡಿಸಿದ ಪಟ್ಟಿಯಲ್ಲಿ ಪ್ರೋಬಸ್‌ನೊಬ್ಬನಿಗೇ 900ಕ್ಕೂ ಹೆಚ್ಚು ಕ್ರಮಸಂಖ್ಯೆಗಳಿವೆ. ಒಬ್ಬ ಮನುಷ್ಯನಿಗೆ ಇಷ್ಟು ಸಾಲದೆ?

ಈಗ ನನ್ನ ಮೆಚ್ಚಿನ ಕಥೆಯೊಂದನ್ನು ಹೇಳುತ್ತೇನೆ. ಪಾವಿಯಾದ ಹಳೆಯ ಹೆಸರು ಟಿಸಿನಮ್. ಅಲ್ಲಿನ ಟಂಕಸಾಲೆಯಲ್ಲಿ ಆರು ಕಾರ್ಯಾಗಾರಗಳಿದ್ದವು, ನಾಣ್ಯದ ತಳದಲ್ಲಿ ಆಯಾ ಕಾರ್ಯಾಗಾರದ ಗುರುತಿರುತ್ತಿತ್ತು. ನಾನು ಮೊದಲು ಕೊಂಡ ಟಿಸಿನಮ್ ನಾಣ್ಯದಲ್ಲಿ, ದೇವತೆಯ ಪಕ್ಕದ ಖಾಲಿ ಜಾಗದಲ್ಲಿ, ‘ವಿ’ ಎಂಬ ಒಂಟಿ ಅಕ್ಷರವಿತ್ತು. ಅದನ್ನು ಯಾರೋ ಗೀಚಿದ್ದೆಂದೇ ತಿಳಿದು ಎರಡು ವರ್ಷ ಡಬ್ಬಿಯಲ್ಲಿ ಹಾಕಿಟ್ಟೆ. ಆಮೇಲೆ ‘ಕ್ಯೂ’ ಇದ್ದ ಇನ್ನೊಂದು ಕೈಗೆ ಬಂತು, ಅನಂತರ ‘ಇ’ ಇದ್ದ ಮತ್ತೊಂದು. ಆಗ ಪುಸ್ತಕ ತೆರೆದು ನೋಡಿದರೆ, ಆರು ಕಾರ್ಯಾಗಾರಗಳ ಆರು ನಾಣ್ಯಗಳನ್ನು ಸಾಲಾಗಿ ಜೋಡಿಸಿದಾಗ ಮಾತ್ರ ಓದಬಹುದಾದ ಗುಪ್ತಪದ ಅದಾಗಿತ್ತು: ಇ, ಕ್ಯೂ, ವಿ, ಐ, ಟಿ, ಐ. ಈಕ್ವಿಟಿ. ಷೇರುಪೇಟೆಯ ಈಕ್ವಿಟಿಯಲ್ಲ, ಪ್ರೋಬಸ್‌ನ ಆಪ್ತನಾಮವಾಗಿದ್ದ ಈಕ್ವಿಟಿಯಸ್ ಎಂಬುದರ ರೂಪವಿದು. ಟಂಕಸಾಲೆಯವರು ಸಾಮ್ರಾಟನ ಮುದ್ದಿನ ಹೆಸರನ್ನು ಆರು ಚೂರು ಮಾಡಿ ಸಾಮ್ರಾಜ್ಯದ ಸಂತೆಗಳಲ್ಲೆಲ್ಲ ಹರಡಿದ್ದರು!

ಅಂದಿನಿಂದ ನನಗೆ ನಿದ್ದೆಯಿಲ್ಲ. ಎರಡು ‘ಐ’ಗಳಿವೆಯಲ್ಲ, ಅಲ್ಲೇ ನಾನು ಎಡವಿದೆ. ನಾಲ್ಕನೆಯ ಕಾರ್ಯಾಗಾರದ ‘ಐ’ ಬೇರೆ, ಆರನೆಯದರ ‘ಐ’ ಬೇರೆ. ತಳದ ಗುರುತನ್ನು ನೋಡದೆ ನಾಲ್ಕನೆಯದರದ್ದನ್ನೇ ಎರಡು ಸಲ ಕೊಂಡು, ಸಾಲು ಪೂರ್ತಿಯಾಗುತ್ತಾ ಬಂತೆಂದು ಬೀಗಿದ್ದೆ. ‘ಟಿ’ ಅಂತೂ ಹನ್ನೊಂದು ವರ್ಷ ಸಿಗಲಿಲ್ಲ. ಕಡೆಗೂ ಸಿಕ್ಕಿತು, ತಾಮ್ರದ ಮೇಲಿನ ತೆಳುವಾದ ಬೆಳ್ಳಿಯ ಲೇಪ ಹಾಗೇ ಉಳಿದು ಮಿರುಗುತ್ತಿದ್ದ ಚೊಕ್ಕ ನಾಣ್ಯ. ಅದನ್ನು ದೇವರ ಮನೆಯ ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಮರುದಿನ ದೀಪಾವಳಿಯ ಲಕ್ಷ್ಮೀಪೂಜೆ. ಊರಿನಿಂದ ಬಂದಿದ್ದ ನಮ್ಮ ಸೋದರತ್ತೆ, ಪೂಜೆಯ ಪಾತ್ರೆಗಳ ಜೊತೆಯಲ್ಲಿ ಈ ‘ಕಿಲುಬು ಕಾಸ’ನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕೆಂಪಗೆ ಹೊಳೆಯುವಂತೆ ಮಾಡಿ ಇಟ್ಟಿದ್ದರು. 1,700 ವರ್ಷ ಬಾಳಿದ ಬೆಳ್ಳಿ ಬಚ್ಚಲ ನೀರಿನಲ್ಲಿ ಹೋಯಿತು. ಅವರಿಗೆ ನಾನು ಏನೂ ಹೇಳಲಿಲ್ಲ. ಆ ‘ಟಿ’ ಇಂದಿಗೂ ಸಾಲಿನಲ್ಲಿ ಐದನೆಯದಾಗಿ, ಕೆಂಪಗೇ, ಕುಳಿತಿದೆ.

ಆದ್ದರಿಂದ ಹುಣಸೆಹಣ್ಣು, ನಿಂಬೆಹಣ್ಣು, ಬೂದಿ ಇವುಗಳಲ್ಲಿ ಯಾವುದನ್ನೂ ಹಳೆಯ ನಾಣ್ಯದ ಹತ್ತಿರ ತರಬೇಡಿ. ಈ ನಾಣ್ಯಗಳಲ್ಲಿ ಇಪ್ಪತ್ತು ಪಾಲು ತಾಮ್ರಕ್ಕೆ ಒಂದೇ ಪಾಲು ಬೆಳ್ಳಿ. ತಳದಲ್ಲಿ ಕಾಣುವ 21ರ ರೋಮನ್ ಅಂಕಿ ಹೇಳುವುದೂ ಅದನ್ನೇ. ಹುಳಿ ತಾಕಿದರೆ ಮೇಲಿನ ಲೇಪಕ್ಕೆ ಉಳಿಗಾಲವಿಲ್ಲ.

ಗಡಿಯಾರ ನನ್ನನ್ನು ಅವಸರಪಡಿಸುತ್ತಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆಯಲ್ಲ, ಅಲ್ಲಿ ಪ್ರೋಬಸ್ ಇಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಸಿಕ್ಕವು ಆಗಸ್ಟಸ್ ಮತ್ತು ಟೈಬೀರಿಯಸ್‌ರ ಕಾಲದ ಬೆಳ್ಳಿಯ ದಿನಾರಿಗಳು, ಪ್ರೋಬಸ್‌ಗಿಂತ ಎರಡೂವರೆ ಶತಮಾನ ಹಿಂದಿನವು. ಬೆಳ್ಳಿಯ ಬಣ್ಣ ಬಳಿದ ತಾಮ್ರವನ್ನು ನಮ್ಮ ವರ್ತಕರು ಬೆಳ್ಳಿಯೆಂದು ಒಪ್ಪಿ ಮೆಣಸು ಅಳೆದುಕೊಡುವವರಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಲ ಉಳುವಾಗ ಹಳೆಯ ನಾಣ್ಯಗಳು ಸಿಕ್ಕರೆ, ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ‘ಇದಕ್ಕೆ ಎಷ್ಟು ಬೆಲೆ ಬರುತ್ತದೆ’ ಎಂದು ದಯವಿಟ್ಟು ನನಗೆ ಬರೆದು ಕೇಳಬೇಡಿ. ಅದು ಯಾರ ನಾಣ್ಯ, ಎಲ್ಲಿ ಅಚ್ಚಾದದ್ದು ಎಂದು ಕೇಳಿ, ಎಷ್ಟು ಉದ್ದದ ಉತ್ತರ ಬೇಕಾದರೂ ಬರೆಯುತ್ತೇನೆ.

ಅಲೆಕ್ಸಾಂಡ್ರಿಯಾದ ವಿಚಾರವೊಂದು ಉಳಿದಿದೆ. ಅಲ್ಲಿನ ನಾಣ್ಯಗಳಲ್ಲಿ ಬರಹ ಗ್ರೀಕ್ ಲಿಪಿಯದು, ಜೊತೆಗೆ ಆಳ್ವಿಕೆಯ ವರ್ಷವನ್ನೂ ಅಚ್ಚು ಹಾಕುತ್ತಿದ್ದರು. ಈಜಿಪ್ಟಿನವರಿಗೆ ಹೊಸ ವರ್ಷ ಆಗಸ್ಟ್ ಕೊನೆಗೆ ಬರುತ್ತಿತ್ತು; ಪ್ರೋಬಸ್ ಪಟ್ಟಕ್ಕೆ ಬಂದ ಬೇಸಿಗೆಯ ಉಳಿದ ದಿನಗಳನ್ನೇ ಅವರು ಒಂದು ವರ್ಷವೆಂದು ಎಣಿಸಿದ್ದರಿಂದ, ಆರು ವರ್ಷ ಆಳಿದವನ ನಾಣ್ಯಗಳ ಮೇಲೆ ಎಂಟನೆಯ ವರ್ಷವೂ ಬಂದಿದೆ. ಆ ಎಂಟನೆಯ ವರ್ಷ ಮೊದಲಾಗಿ ಹೆಚ್ಚು ದಿನ ಕಳೆಯುವ ಮೊದಲೇ ಸಿರ್ಮಿಯಮ್‌ನಲ್ಲಿ ಅವನ ಕಥೆ ಮುಗಿದಿತ್ತು. ಅಂಥದೊಂದು ನಾಣ್ಯ ನನ್ನ ಬಳಿ ಇನ್ನೂ ಇಲ್ಲ, ಹುಡುಕುತ್ತಿದ್ದೇನೆ. ನಮಸ್ಕಾರ.